ದಿಂಡಿನ ಎಣ್ಣೆಯ ಹತ್ತೊಂಬತ್ತು ನಿಮಿಷ

ನಾನು ನಿಂತಿದ್ದು ಅಗಡಿಯ ನಮ್ಮ ಹೊಲದಲ್ಲಿ, ಬಾವಿಯ ಮೂಡಣ ಕಟ್ಟೆಯ ಪಕ್ಕದಲ್ಲಿ. ಎಂಜಿನ್ ನನ್ನಿಂದ ಆರು ಹೆಜ್ಜೆ ದೂರದಲ್ಲಿತ್ತು. ನಡುವೆ ಅಡ್ಡ ಏನೂ ಇರಲಿಲ್ಲ. ಈಗ್ಗೆ ಐದು ವರ್ಷದ ಹಿಂದೆ, ಸಂಕ್ರಾಂತಿ ಕಳೆದ ಎರಡನೆಯ ಮಂಗಳವಾರ. ಎಂಜಿನ್ ಚಾಲು ಆದಾಗ ನನ್ನ ಕೈಗಡಿಯಾರದಲ್ಲಿ ಹನ್ನೊಂದು ಗಂಟೆ ಹತ್ತು ನಿಮಿಷ. ಅದು ತಾನಾಗಿಯೇ ನಿಂತಾಗ ಹನ್ನೊಂದು ಇಪ್ಪತ್ತೊಂಬತ್ತು. ಬಿಸಿಲು ನನ್ನ ಬೆನ್ನಿಗಿತ್ತು. ಕನ್ನಡಕ ಹಾಕಿಕೊಂಡಿದ್ದೆ. ಕಂಡದ್ದನ್ನು ತಪ್ಪಾಗಿ ಕಾಣಲು ನನಗೆ ಯಾವ ಕಾರಣವೂ ಇರಲಿಲ್ಲ.

ಕಂಡದ್ದು ಸರಿಯಾಗಿಯೇ ಕಂಡಿತ್ತು. ಅದೇ ದಿನ ಮಧ್ಯಾಹ್ನ ಅದನ್ನು ಬರೆಯುವಾಗ ಮಾತ್ರ ಬೇರೆಯದನ್ನು ಬರೆದೆ. ಕೆಳಗೆ ಸಹಿ ಕೂಡ ಹಾಕಿದೆ.

ನನ್ನ ಕೆಲಸವೇ ಅಳೆಯುವುದು ಮತ್ತು ಬರೆಯುವುದು. ಹಾವೇರಿಯ ಒಂದು ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಇಪ್ಪತ್ತೆಂಟು ವರ್ಷದಿಂದ ಸಹಾಯಕನಾಗಿದ್ದೇನೆ. ಬಾಟಲಿ ತೊಳೆಯುತ್ತೇನೆ, ದ್ರಾವಣ ತಯಾರಿಸುತ್ತೇನೆ, ಹುಡುಗರು ಬ್ಯುರೆಟ್ ಎಂಬ ಅಳತೆಯ ಗಾಜಿನ ನಳಿಗೆಯ ಗೆರೆಯನ್ನು ಮೇಲಿನಿಂದ ಬಗ್ಗಿ ಓದಿದರೆ ತಲೆ ಹಿಡಿದು ಕೆಳಗಿಳಿಸಿ, ಕಣ್ಣು ಗೆರೆಯ ಸಮಕ್ಕೆ ಇರಲಿ ಎನ್ನುತ್ತೇನೆ. ಒಂದು ಹನಿ ಹೆಚ್ಚಾದರೆ ಹೆಚ್ಚಾಯಿತು ಎಂದೇ ಬರೆಯಬೇಕು ಎಂದು ಎಷ್ಟು ಹುಡುಗರಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

ಎಂಜಿನ್ ನಡೆಸಿದ್ದು ನನ್ನ ಅಣ್ಣ. ನನಗಿಂತ ಹತ್ತು ವರ್ಷ ದೊಡ್ಡವನು. ರಾಣೆಬೆನ್ನೂರಿನ ಒಂದು ಎಣ್ಣೆ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಮಿಲ್ಲಿನ ಕೆಲಸ ಬಿಟ್ಟ ಮೇಲೆ ಅಗಡಿಗೆ ಬಂದು ಹೊಲ ನೋಡಿಕೊಂಡ. ನಮ್ಮ ಕಡೆ ಹೊಲವೆಂದರೆ ಹೆಚ್ಚಿನದು ಗೋವಿನಜೋಳ. ರಾಶಿ ಮುಗಿದ ಮೇಲೆ ಕಾಳು ಚೀಲಕ್ಕೆ ಹೋಗುತ್ತದೆ, ಕಾಳು ಬಿಡಿಸಿದ ತೆನೆಯ ದಿಂಡು ಹೊಲದ ಮೂಲೆಯಲ್ಲಿ ಗುಡ್ಡೆ ಬೀಳುತ್ತದೆ. ಒಲೆಗೆ ಬೇಕಾದಷ್ಟು ಒಯ್ದು ಉಳಿದದ್ದಕ್ಕೆ ಬೆಂಕಿ ಇಡುತ್ತಾರೆ. ಆ ವಾರ ಅಗಡಿಯಿಂದ ಕರ್ಜಗಿಯವರೆಗೆ ಸಂಜೆಯ ಬಸ್ಸು ಹೊಗೆಯಲ್ಲೇ ಹೋಗುತ್ತದೆ.

ಅಣ್ಣನಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಬಾಯ್ಲರಿನ ಮುಂದೆ ಬದುಕು ಕಳೆದವನಿಗೆ ಸುಮ್ಮನೆ ಉರಿದುಹೋಗುವ ಬೆಂಕಿ ಕಂಡರೆ ಹೊಟ್ಟೆ ಉರಿಯುತ್ತದೆಯೋ ಏನೋ.

"ಹೊಲದಾಗ ಸುಟ್ಟಿದ್ದು ಹೊಲಕ್ಕೂ ಇಲ್ಲ, ಮನಿಗೂ ಇಲ್ಲ," ಎನ್ನುತ್ತಿದ್ದ. "ಅದರ ಹೊಟ್ಟ್ಯಾಗ ಎಣ್ಣಿ ಐತಿ ತಮ್ಮಾ. ಗಾಳಿ ಕೊಡದ ಕಾಸಿದ್ರ ಹೊರಗ ಬರ್ತೈತಿ."

ರಾಣೆಬೆನ್ನೂರಿನ ಗುಜರಿಯಿಂದ ಒಂದು ದಪ್ಪ ಕಬ್ಬಿಣದ ಡ್ರಮ್ಮು ತಂದ. ಮುಚ್ಚಳಕ್ಕೆ ಬೋಲ್ಟು ಹಾಕಿಸಿದ, ಮೇಲಿಂದ ಒಂದು ಪೈಪು ತೆಗೆಸಿದ. ಡ್ರಮ್ಮಿನೊಳಗೆ ದಿಂಡು ತುಂಬಿ, ಗಾಳಿ ಆಡದಂತೆ ಬಿಗಿದು, ಕೆಳಗೆ ಬೆಂಕಿ. ಒಳಗಿನ ದಿಂಡು ಉರಿಯಲು ಗಾಳಿ ಸಾಲದೆ ಬೆವರುತ್ತದೆ. ಆ ಹಬೆ ಪೈಪಿನಿಂದ ಬಂದು ನೀರಿನ ಪೀಪಾಯಿಯೊಳಗಿನ ಸುರುಳಿಯಲ್ಲಿ ತಣ್ಣಗಾಗಿ ಹನಿಹನಿಯಾಗಿ ಡಬ್ಬಿಗೆ ಬೀಳುತ್ತದೆ. ಮೊದಲ ಸಲ ಬಂದದ್ದು ಕಪ್ಪಗೆ, ಡಾಂಬರಿನ ತಮ್ಮನ ಹಾಗಿತ್ತು. ಮೂಗಿಗೆ ಹಿಡಿದರೆ ಕಣ್ಣಲ್ಲಿ ನೀರು. ತಗಡಿನ ಡಬ್ಬಿಯಲ್ಲಿ ಇಟ್ಟಿದ್ದ. ಹದಿನೈದು ದಿನದಲ್ಲಿ ಡಬ್ಬಿಯ ತಳ ತೂತಾಯಿತು.

ಒಂದು ಸೀಸೆಯಲ್ಲಿ ಸ್ವಲ್ಪ ನನ್ನ ಪ್ರಯೋಗಾಲಯಕ್ಕೆ ತಂದು ಹುಳಿ ಎಷ್ಟಿದೆ ನೋಡಿದೆ. ಬಣ್ಣ ಬದಲಾಗುವುದೇ ಕಾಣದಷ್ಟು ಕಪ್ಪು. ಸ್ಪಿರಿಟ್ ಬೆರೆಸಿ ತೆಳು ಮಾಡಿ, ಬಿಳಿ ಹಾಳೆಯ ಮೇಲೆ ಇಟ್ಟು ನೋಡಬೇಕಾಯಿತು. ಬ್ಯುರೆಟ್ಟಿಗೆ ಎರಡು ಸಲ ಕ್ಷಾರ ತುಂಬಿ ಹನಿಸಿದರೂ ಅದರ ಹುಳಿ ಇಳಿಯಲಿಲ್ಲ.

"ಇದು ಎಣ್ಣಿ ಅಲ್ಲಣ್ಣ, ಹುಣಸಿ ಹುಳಿ," ಎಂದೆ.

"ಹಂಗಾರ ಸಾರು ಮಾಡಾಕ ನಿಮ್ಮ ವೈನಿಗೆ ಕೊಡು," ಎಂದ.

ವೈನಿ ಎಂದರೆ ಅಣ್ಣನ ಹೆಂಡತಿ. ಆಕೆ ಒಳಗಿಂದಲೇ, "ನಾ ಏನ್ ಪಾಪ ಮಾಡೀನ್ರಿ, ನನಗ್ಯಾಕ ಕೊಡ್ತೀರಿ," ಎಂದಳು.

ಹುಳಿ ಕಡಿಮೆ ಮಾಡುವ ದಾರಿ ನಾನೇ ಹೇಳಿದ್ದು. ನಮ್ಮ ಪ್ರಾಧ್ಯಾಪಕರೊಬ್ಬರು ಪಾಠ ಮಾಡುವಾಗ ಕೇಳಿದ್ದೆ. ಹಬೆಯನ್ನು ನೇರವಾಗಿ ತಣ್ಣಗೆ ಮಾಡಬಾರದು. ಬಿಸಿ ಇರುವಾಗಲೇ ಜಿಯೋಲೈಟ್ ಎಂಬ ಬಿಳಿ ಕಾಳುಗಳ ನಡುವೆ ಹಾಯಿಸಬೇಕು. ಆ ಕಾಳಿನ ಮೈತುಂಬ ಕಣ್ಣಿಗೆ ಕಾಣದ ರಂಧ್ರ. ಹಬೆಯಲ್ಲಿರುವ ಹುಳಿ, ಜಿಗುಟು ಅಲ್ಲಿ ಮುರಿದು ಹಗುರಾಗುತ್ತದೆ. ಎಣ್ಣೆ ಕಡಿಮೆ ಬರುತ್ತದೆ, ಆದರೆ ಬಂದದ್ದು ಉರಿಯುವ ಎಣ್ಣೆ. ಪುಸ್ತಕದಲ್ಲಿ ಇದಕ್ಕೆ ವೇಗವರ್ಧಕ, ಇಂಗ್ಲಿಷಿನಲ್ಲಿ ಕೆಟಲಿಸ್ಟ್, ಎಂದು ಹೆಸರು. ತಾನು ಖರ್ಚಾಗದೆ ಎದುರಿಗಿದ್ದದ್ದನ್ನು ಬದಲಿಸುವ ವಸ್ತು.

ಅಣ್ಣ ಕೇಳಿ, "ಲಗ್ನ ಕೂಡಿಸೋ ಹಿರೇಮನಿಷಾ ಇದ್ದಾಂಗ ಅನ್ನು," ಎಂದ. "ಗಂಡು ಹೆಣ್ಣು ಕೂಡಸ್ತಾನ, ಊಟ ಮಾಡ್ತಾನ, ಧೋತರ ಜಾಡಿಸ್ಕೊಂಡು ಮುಂದಿನ ಮನಿಗೆ ಹೋಗ್ತಾನ."

ಹುಬ್ಬಳ್ಳಿಯಿಂದ ಒಂದು ಚೀಲ ತರಿಸಿದೆವು. ವೈನಿ ಕೈಯಲ್ಲಿ ಹಿಡಿದು ನೋಡಿ, "ಸಾಬುದಾಣಿ ಇದ್ದಾಂಗ ಐತಲ್ಲ," ಎಂದಳು. ಅಂದಿನಿಂದ ಆ ಮನೆಯಲ್ಲಿ ಅದಕ್ಕೆ ಸಾಬುದಾಣಿ ಎಂದೇ ಹೆಸರು.

ಆ ಕಾಳು ಮೂರು ನಾಲ್ಕು ಸಲಕ್ಕೆ ಮಸಿ ಹಿಡಿದು ಕರ್ರಗಾಗುತ್ತಿತ್ತು. ಮತ್ತೆ ಗಾಳಿಯಲ್ಲಿ ಕೆಂಪಗೆ ಕಾಯಿಸಿದರೆ ಮಸಿ ಉರಿದು ಬೆಳ್ಳಗಾಗಬೇಕು. ಅಣ್ಣ ಮೊದಲು ವೈನಿಯ ರೊಟ್ಟಿ ಹಂಚಿನ ಮೇಲೆ ಹುರಿದ. ಕಾಳು ಬೆಳ್ಳಗಾಗಲಿಲ್ಲ, ಮರುದಿನದ ರೊಟ್ಟಿಗಳಿಗೆ ಮಾತ್ರ ಬೇರೆಯೇ ವಾಸನೆ ಬಂತು. ಎರಡು ದಿನ ಇಬ್ಬರಿಗೂ ಮಾತಿಲ್ಲ. ಆಮೇಲೆ ಇಟ್ಟಿಗೆ ಭಟ್ಟಿಯವರನ್ನು ಹಿಡಿದು, ಮಣ್ಣಿನ ಅಗಲ ಮಡಕೆಯಲ್ಲಿ ಕಾಳು ಹಾಕಿ ಭಟ್ಟಿಯ ನಡುವೆ ಇಡಿಸಿದ. ನಾಲ್ಕು ದಿನಕ್ಕೆ ಹೊರಗೆ ತೆಗೆದಾಗ ಅಕ್ಕಿಯ ಹಾಗೆ ಬೆಳ್ಳಗಿತ್ತು. ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಊರ ತುಂಬ ತೋರಿಸಿಕೊಂಡು ಬಂದ.

ಬ್ಯಾಡಗಿಯ ಮಿಸ್ತ್ರಿ ನಮ್ಮ ಜೊತೆ ಸೇರಿದ್ದು ಅದೇ ಚಳಿಗಾಲ. ಮೆಣಸಿನಕಾಯಿ ಪೇಟೆಯ ಹಿಂದೆ ಅವನ ಎಂಜಿನ್ ರಿಪೇರಿ ಅಂಗಡಿ. ಅಣ್ಣನಿಗೂ ಅವನಿಗೂ ರಾಣೆಬೆನ್ನೂರಿನ ಮಿಲ್ಲಿನ ಕಾಲದ ಸ್ನೇಹ. ಅವನ ಕೈ ಮುಟ್ಟಿದ ಎಂಜಿನ್ ಹ್ಯಾಂಡಲ್ ಹೊಡೆದ ಮೊದಲ ಸುತ್ತಿಗೇ ಹಿಡಿಯುತ್ತದೆ ಎಂದು ಸುತ್ತಲಿನ ಹಳ್ಳಿಗಳಲ್ಲಿ ಹೆಸರು. ಪೇಟೆಯಲ್ಲಿ ಹೆಣ್ಣುಮಕ್ಕಳು ಕುಳಿತು ಬಿಡಿಸಿದ ಮೆಣಸಿನಕಾಯಿಯ ತೊಟ್ಟು ರಾಶಿ ಬಿದ್ದಿರುತ್ತದಲ್ಲ, ಅದನ್ನೂ ಕಾಸಿ ನೋಡಿ ಎಂದು ಎರಡು ಚೀಲ ತಂದುಕೊಟ್ಟ. ಕಾಸಿದೆವು. ಮುಚ್ಚಳದ ಸಂದಿಯಿಂದ ಎಳೆಯಷ್ಟು ಹೊಗೆ ಹೊರಬಂತು. ಓಣಿಗೆ ಓಣಿಯೇ ಸೀನಿತು. ಎದುರುಮನೆಯ ಎಮ್ಮೆ ಕೂಡ ಸೀನಿತೆಂದು ವೈನಿ ಇವತ್ತಿಗೂ ಹೇಳುತ್ತಾಳೆ.

"ಮಿಸ್ತ್ರಿ, ಎಣ್ಣಿ ತಗಿ ಅಂದ್ರ ಒಗ್ಗರಣಿ ಹಾಕಾಕ ಬಂದಿ ಏನು?" ಎಂದು ಅಣ್ಣ ಬಾಯಿಗೆ ಟವೆಲ್ ಹಿಡಿದುಕೊಂಡೇ ಬೈದ.

"ಅರೆ ಅಣ್ಣಾರ, ನಮ್ಮ ಬ್ಯಾಡಗಿ ಮಾಲು ಖರೇ ಐತಿ ಅಂತ ತಿಳೀತಲ್ಲ," ಎಂದ ಮಿಸ್ತ್ರಿ. ಅವನ ಕಣ್ಣಿಂದಲೂ ನೀರು ಸುರಿಯುತ್ತಿತ್ತು. ಆಮೇಲೆ ನಾವು ದಿಂಡಿಗೆ ಮರಳಿದೆವು.

ಆ ಹೊತ್ತಿಗೆ ಅಣ್ಣನ ಎರಡೂ ಮೂತ್ರಪಿಂಡ ಕೆಲಸ ಬಿಟ್ಟು ಒಂದೂವರೆ ವರ್ಷವಾಗಿತ್ತು. ಸೋಮವಾರ ಮತ್ತು ಗುರುವಾರ ಹಾವೇರಿಗೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ. ಸೋಮವಾರ ಸಂಜೆ ಬಾಳೆಯ ನಾರಿನ ಹಾಗೆ ಆಗಿರುತ್ತಿದ್ದ; ಮಂಗಳವಾರ ಬೆಳಿಗ್ಗೆ ಮೈಯಲ್ಲಿ ಸ್ವಲ್ಪ ಜೀವ ಬರುತ್ತಿತ್ತು. ಬ್ಯಾಡಗಿ ಪೇಟೆಯೂ ಸೋಮವಾರ ಗುರುವಾರವೇ ಜೋರು, ಮಿಸ್ತ್ರಿಗೂ ಮಂಗಳವಾರ ಬಿಡುವು. ಅದಕ್ಕೇ ಎಲ್ಲವೂ ಮಂಗಳವಾರ ನಡೆಯಿತು. ಹೊಸ ಕೆಲಸಕ್ಕೆ ಮಂಗಳವಾರ ಬೇಡವೆಂದು ವೈನಿ ಹೇಳಿದ್ದಳು. "ನನಗ ಉಳದಿದ್ದು ಅದೊಂದ ವಾರ," ಎಂದಿದ್ದ ಅಣ್ಣ.

ಅಷ್ಟರಲ್ಲಿ ಎಣ್ಣೆ ಬದಲಾಗಿತ್ತು. ಬಿಳಿ ಕಾಳು ಹಾಯ್ದು ಬಂದದ್ದು ಡಬ್ಬಿಯಲ್ಲಿ ಎರಡು ಪದರವಾಗಿ ನಿಲ್ಲುತ್ತಿತ್ತು. ಒಂದು ಹುಳಿ ನೀರು, ಇನ್ನೊಂದು ಹಾಲು ಹಾಕದ ಚಹದ ಬಣ್ಣದ ಎಣ್ಣೆ. ಎಣ್ಣೆಯನ್ನು ಬೇರ್ಪಡಿಸಿ ನಾನು ಅಳೆದೆ. ಬ್ಯುರೆಟ್ ಅರ್ಧ ಇಳಿಯುವ ಮೊದಲೇ ಹುಳಿ ಮುಗಿದಿತ್ತು. ಮೂರು ಸಲ ಅಳೆದೆ, ಮೂರು ಸಲವೂ ಹೆಚ್ಚುಕಡಿಮೆ ಅಷ್ಟೇ. ಇದು ನಿಜ. ಇದನ್ನು ಯಾರ ಎದುರಿಗೂ ಹೇಳಬಲ್ಲೆ.

ಆದರೆ ಅಣ್ಣನಿಗೆ ನನ್ನ ಬ್ಯುರೆಟ್ಟಿನ ಮಾತು ಸಾಕಾಗಲಿಲ್ಲ. ಬಾವಿಯ ಹತ್ತಿರ ಅಪ್ಪನ ಕಾಲದ ಐದು ಎಚ್‌ಪಿ ಡೀಸೆಲ್ ಎಂಜಿನ್ ಇತ್ತು, ಕರೆಂಟಿನ ಮೋಟಾರು ಬಂದ ಮೇಲೆ ಮೂಲೆಗೆ ಬಿದ್ದದ್ದು. ಅದು ಈ ಎಣ್ಣೆಯಿಂದಲೇ ನಡೆದು ನೀರೆತ್ತಬೇಕು, ಡೀಸೆಲ್ ಒಂದು ಹನಿಯೂ ಬೆರೆಸಬಾರದು. ಧಾರವಾಡದಲ್ಲಿ ಡಿಗ್ರಿ ಕೊನೆಯ ವರ್ಷದಲ್ಲಿದ್ದ ಮಗಳಿಗೆ ಫೋನಿನಲ್ಲಿ ಅಷ್ಟನ್ನೇ ಹೇಳುತ್ತಿದ್ದ. "ನಡೀತು ಅಂದ್ರ ಮುಂದಿಂದು ನೀ ನೋಡ್ಕೋಬೇಕವ್ವ."

ಆ ಮಂಗಳವಾರ ಬೇವಿನ ಕೊಂಬೆಗೆ ಎಣ್ಣೆಯ ಕ್ಯಾನು ಕಟ್ಟಿದೆವು. ಅಲ್ಲಿಂದ ಪೈಪು ಫಿಲ್ಟರಿಗೆ, ಫಿಲ್ಟರಿನಿಂದ ಎಂಜಿನ್ನಿಗೆ ಎಣ್ಣೆ ತಳ್ಳುವ ಪಂಪಿಗೆ. ಅಣ್ಣ ಕ್ಯಾನಿನ ಬಾಯಿಗೆ ವೈನಿಯ ಹಳೆಯ ಸೀರೆಯ ಎರಡು ಪದರ ಕಟ್ಟಿ ಎಣ್ಣೆ ಸೋಸುತ್ತಿದ್ದ. ಅವನ ಬೆನ್ನು ಎಂಜಿನ್ ಕಡೆಗಿತ್ತು. ಮಿಸ್ತ್ರಿ ಎಂಜಿನ್ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದ.

ಈಗ ನಿಧಾನವಾಗಿ ಬರೆಯುತ್ತೇನೆ. ಮಿಸ್ತ್ರಿ ಫಿಲ್ಟರಿನ ಬಟ್ಟಲು ಬಿಚ್ಚಿದ. ಚೀಲದಿಂದ ನೀರಿನ ಬಾಟಲಿ ತೆಗೆದ. ಅದರಲ್ಲಿ ಇದ್ದದ್ದು ನೀರಲ್ಲ, ಡೀಸೆಲ್. ಬಿಸಿಲಿಗೆ ತಿಳಿಹಳದಿಯಾಗಿ ಹೊಳೆಯಿತು. ಬಟ್ಟಲಿನ ತುಂಬ ಹೊಯ್ದು, ಫಿಲ್ಟರನ್ನು ಮತ್ತೆ ಬಿಗಿದ. ಮೇಲಿನ ತಿರುಪು ಸಡಿಲಿಸಿ ಗಾಳಿ ಬಿಟ್ಟ, ಮತ್ತೆ ಬಿಗಿದ. ಬಾಟಲಿ ಚೀಲಕ್ಕೆ ಹೋಯಿತು. ಇಷ್ಟೂ ಮಾಡುವಾಗ ಅವನು ಪೇಟೆಯ ಯಾವುದೋ ಜಗಳದ ಕಥೆ ಹೇಳುತ್ತಿದ್ದ. ಮುಚ್ಚಿಡುವ ಉದ್ದೇಶ ಅವನಿಗೆ ಇರಲಿಲ್ಲ. ಇಲ್ಲಿಯ ಮಿಸ್ತ್ರಿಗಳೆಲ್ಲ ಹಾಗೆಯೇ ಮಾಡುತ್ತಾರೆ. ಬಹಳ ದಿನ ನಿಂತ ಎಂಜಿನ್ನಿಗೆ ಒಣಬಾಯಲ್ಲಿ ಹ್ಯಾಂಡಲ್ ಹೊಡೆಯುವುದಿಲ್ಲ. ಮೊದಲು ಬಟ್ಟಲಿಗೆ ಒಳ್ಳೆಯ ಡೀಸೆಲ್ ಹೊಯ್ದು ಅದರ ಬಾಯಿ ತೋಯಿಸುತ್ತಾರೆ. ಬಾಗಿಲಿಗೆ ಬಂದವರಿಗೆ ನೀರು ಕೊಟ್ಟ ಹಾಗೆ. ಕೈ ತಾನಾಗಿ ಮಾಡುವ ಕೆಲಸ, ಮಾಡಿದವನಿಗೆ ಮಾಡಿದ್ದೂ ಗೊತ್ತಾಗುವುದಿಲ್ಲ.

ನನಗೆ ಗೊತ್ತಾಯಿತು. ಬಾಯಿಯವರೆಗೆ ಮಾತು ಬಂತು. ಅಷ್ಟರಲ್ಲಿ ಅಣ್ಣ ತಿರುಗಿ, "ಹೊಡಿ ಮಿಸ್ತ್ರಿ," ಎಂದ. ಇಷ್ಟು ಡೀಸೆಲ್ ಒಂದೆರಡು ನಿಮಿಷಕ್ಕೆ ಮುಗಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅಳೆಯದೆ ಹೇಳಿಕೊಂಡೆ.

ಎಂಜಿನ್ ಮೊದಲ ಸುತ್ತಿಗೇ ಹಿಡಿಯಿತು. ಸ್ವಲ್ಪ ಹೊತ್ತಿಗೆ ಪೈಪಿನ ಬಾಯಿಂದ ಗಾಳಿ ಉಗುಳಿ ಆಮೇಲೆ ನೀರು ಬಂತು. ಅಣ್ಣ ಚಪ್ಪಲಿ ಬಿಟ್ಟು ಕಾಲುವೆಯಲ್ಲಿ ಇಳಿದು ನಿಂತ. ಕಾಲಿಗೆ ಬಾವು ಇತ್ತು, ಕಣಕಾಲಿನ ಮೂಳೆ ಕಾಣುತ್ತಿರಲಿಲ್ಲ. ನೀರು ಆ ಬಾವಿನ ಸುತ್ತ ಹರಿದು ಮುಂದೆ ಹೋಗುತ್ತಿತ್ತು. ಅವನು ನಗಲಿಲ್ಲ. ಎಂಜಿನ್ ಸದ್ದಿಗೆ ಕಿವಿಗೊಟ್ಟು ತಲೆ ಸ್ವಲ್ಪ ಓರೆ ಮಾಡಿ ನಿಂತಿದ್ದ, ಬಾಯ್ಲರಿನ ಮುಂದೆ ನಿಲ್ಲುತ್ತಿದ್ದ ಹಾಗೆ. ವೈನಿ ಚಹಾ ತಂದಳು. ಮೂವರೂ ಕುಡಿಯಲಿಲ್ಲ. ಆಮೇಲೆ ಎಂಜಿನ್ ಕೆಮ್ಮಿತು, ಬಿಳಿ ಹೊಗೆ ಬಿಟ್ಟಿತು, ನಿಂತಿತು. ಮಿಸ್ತ್ರಿ ಎಷ್ಟು ಹ್ಯಾಂಡಲ್ ಹೊಡೆದರೂ ಮತ್ತೆ ಹಿಡಿಯಲಿಲ್ಲ. ಎಂಜಿನ್ನಿನೊಳಗೆ ಎಣ್ಣೆ ಚಿಮ್ಮುವ ನಾಜಲ್ ಬಿಚ್ಚಿ ನೋಡಿದರೆ ಅದರ ತುದಿಗೆ ಬೆಲ್ಲದ ಪಾಕದಂಥ ಜಿಗುಟು ಗಟ್ಟಿಯಾಗಿ ಕೂತಿತ್ತು.

"ನಾಜಲ್ ತೊಳದ್ರ ಆತು," ಎಂದ ಅಣ್ಣ. "ಎಷ್ಟ್ ಹೊತ್ತು ನಡೀತು?"

"ಹತ್ತೊಂಬತ್ತು ನಿಮಿಷ," ಎಂದೆ.

ಊಟವಾದ ಮೇಲೆ ತನ್ನ ನೋಟ್‌ಬುಕ್ ತಂದು ನನ್ನ ಮುಂದೆ ಇಟ್ಟ. ಅವನ ಅಕ್ಷರ ಅವನಿಗೇ ಓದಲು ಬರುತ್ತಿರಲಿಲ್ಲ. "ನೀ ಬರಿ. ನೀ ಲ್ಯಾಬಿನಾಂವ, ನೀ ಬರದ್ರ ನಾಕು ಮಂದಿ ನಂಬ್ತಾರ." ಅವನು ಹೇಳಿದ, ನಾನು ಬರೆದೆ. ಗೋವಿನಜೋಳದ ದಿಂಡಿನ ಎಣ್ಣೆ. ಕೆಟಲಿಸ್ಟ್ ಹಾಯಿಸಿದ್ದು. ಡೀಸೆಲ್ ಬೆರೆಸಿಲ್ಲ. ಹತ್ತೊಂಬತ್ತು ನಿಮಿಷ. ಮಿಸ್ತ್ರಿ ಪಕ್ಕದಲ್ಲಿಯೇ ಗೋಡೆಗೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಅವನು ಏನೂ ಅನ್ನಲಿಲ್ಲ, ಏಕೆಂದರೆ ಅವನ ಲೆಕ್ಕದಲ್ಲಿ ಅದು ಬೆರೆಸಿದ್ದಲ್ಲ, ಬಾಯಿ ತೋಯಿಸಿದ್ದು. ನನಗೆ ಆ ಸಬೂಬು ಇಲ್ಲ. "ಡೀಸೆಲ್ ಬೆರೆಸಿಲ್ಲ" ಎಂಬಲ್ಲಿ ಪೆನ್ನು ಒಂದು ಕ್ಷಣ ನಿಂತಿತು. ಮುಂದುವರಿಸಿ ಸಹಿ ಹಾಕಿದೆ.

ಮರುದಿನ ಬ್ಯಾಡಗಿಗೆ ಹೋಗಿ ಮಿಸ್ತ್ರಿಯಿಂದ ಅಂಥದೇ ಒಂದು ಫಿಲ್ಟರು ಕೇಳಿ ತಂದೆ. ಪ್ರಯೋಗಾಲಯದಲ್ಲಿ ಅಳತೆಯ ಜಾಡಿಯಿಂದ ನೀರು ಹೊಯ್ದು ನೋಡಿದೆ. ಮುನ್ನೂರ ಹತ್ತು ಮಿಲಿ ಹಿಡಿಯಿತು. ಆ ಎಂಜಿನ್ ನೀರೆತ್ತುವಾಗ ತಾಸಿಗೆ ಸುಮಾರು ಒಂದು ಲೀಟರ್ ಕುಡಿಯುತ್ತದೆ ಎಂದು ಮಿಸ್ತ್ರಿ ಹೇಳಿದ್ದ. ಅಂದರೆ ಬಟ್ಟಲಿನ ಡೀಸೆಲ್ಲೊಂದರಿಂದಲೇ ಎಂಜಿನ್ ಹದಿನೆಂಟು, ಹದಿನೆಂಟೂವರೆ ನಿಮಿಷ ನಡೆಯುತ್ತದೆ. ದಿಂಡಿನ ಎಣ್ಣೆ ಡೀಸೆಲ್ಲಿಗಿಂತ ಭಾರ; ಬಟ್ಟಲಿಗೆ ಬಂದರೆ ತಳಕ್ಕೆ ಇಳಿಯುತ್ತದೆ, ಮೇಲಿನ ಡೀಸೆಲ್ ಮೊದಲು ಹೋಗುತ್ತದೆ. ಅಣ್ಣನ ಎಣ್ಣೆಯ ಸರದಿ ಬಂದದ್ದು ಕೊನೆಗೆ, ಬಂದ ಕೂಡಲೇ ಎಂಜಿನ್ ನಿಂತಿರಬೇಕು. ಲೆಕ್ಕವನ್ನು ಎರಡು ಸಲ ಮಾಡಿದೆ. ಆಮೇಲೆ ಹಾಳೆಯನ್ನು ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೆ.

ಗುರುವಾರ ಡಯಾಲಿಸಿಸ್ಸಿಗೆ ಅಣ್ಣನ ಜೊತೆ ನಾನೇ ಹೋಗಿದ್ದೆ. ಹೇಳಬೇಕೆಂದೇ ಹೋಗಿದ್ದು. ಪಕ್ಕದ ಹಾಸಿಗೆಯಲ್ಲಿ ಒಬ್ಬ ನಿವೃತ್ತ ಕಂಡಕ್ಟರ್ ಇದ್ದರು, ಅವರ ರಕ್ತವೂ ಪೈಪಿನಲ್ಲಿ ಹೋಗಿ ಬರುತ್ತಿತ್ತು. ಅಣ್ಣ ಅವರಿಗೆ ಹೇಳುತ್ತಿದ್ದ:

"ಹತ್ತೊಂಬತ್ತು ನಿಮಿಷರಿ. ಹಾವೇರಿ ಬಸ್‌ಸ್ಟ್ಯಾಂಡಿಂದ ಅಗಡಿಗೆ ಎಷ್ಟ್ ಹೊತ್ತು ಹಿಡಿತೈತಿ ನಿಮ್ಮ ಬಸ್ಸಿಗೆ?"

"ನಮ್ಮ ಬಸ್ಸಿಗೆ? ಅದು ಡ್ರೈವರ್ ಚಾ ಕುಡಿದಿದ್ರ ಒಂದ್ ಲೆಕ್ಕ, ಕುಡೀದಿದ್ರ ಒಂದ್ ಲೆಕ್ಕ," ಎಂದರು ಕಂಡಕ್ಟರ್.

ಅಣ್ಣ ನಕ್ಕ. ಎಂಜಿನ್ ನಡೆದಾಗ ನಗದವನು ಅಲ್ಲಿ ನಕ್ಕ. "ನಮ್ಮ ತಮ್ಮ ನೋಡ್ಯಾನ. ಕೇಳ್ರಿ ಬೇಕಾರ. ಅಳದು ಬರಿಯೋ ಮನಿಷ್ಯಾ, ಸುಳ್ಳ ಬರಿಯಂಗಿಲ್ಲ."

ಕಂಡಕ್ಟರ್ ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಕಿಸೆಯ ಹಾಳೆ ಕಿಸೆಯಲ್ಲೇ ಉಳಿಯಿತು.

ಆಮೇಲೆ ಅಣ್ಣನಿಗೆ ಇನ್ನೊಂದು ಸಲ ಡ್ರಮ್ಮಿಗೆ ಬೆಂಕಿ ಇಡಲು ಆಗಲಿಲ್ಲ. ನಾಜಲ್ ತೊಳೆದು ಇಟ್ಟಿದ್ದ. ಬರುವ ರಾಶಿಯ ದಿಂಡಿಗೆ ಮಾಡೋಣ ಎನ್ನುತ್ತಿದ್ದ. ಆ ವರ್ಷದ ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೆ ಒಂದು ಶನಿವಾರ ಬೆಳಿಗ್ಗೆ ತೀರಿಕೊಂಡ. ಕೊನೆಯ ವಾರ ನನ್ನನ್ನು ನೋಡಿದಾಗಲೆಲ್ಲ ಮಗಳ ಮಾತೇ. "ನಡೀತೈತಿ ಅಂತ ತೋರ್ಸೀವಿ. ಇನ್ನ ಆಕಿ ನೋಡ್ಕೊಂತಾಳ." ನಾನು ಹೂಂ ಎನ್ನುತ್ತಿದ್ದೆ. ಸಾಯುವವನ ಹತ್ತಿರ ನಾನು ಸುಮ್ಮನಿದ್ದುದನ್ನು ಕೆಲವರು ಸರಿ ಎನ್ನಬಹುದು. ಅದರ ಬಗ್ಗೆ ನನಗೆ ವಾದವಿಲ್ಲ. ಅವನು ಹೋದ ಮೇಲೂ ನಾಲ್ಕು ವರ್ಷ ಸುಮ್ಮನಿದ್ದೆ.

ಅಣ್ಣನ ಮಗಳು ತಂದೆಯ ನೋಟ್‌ಬುಕ್ ತೆಗೆದುಕೊಂಡು ಧಾರವಾಡಕ್ಕೆ ಹೋದಳು. ಎಂ.ಎಸ್ಸಿ. ಮುಗಿಸಿ ಅದೇ ವಿಷಯದ ಮೇಲೆ ಸಂಶೋಧನೆಗೆ ಸೇರಿದಳು. ಅವಳಿಗೆ ಈಗ ಒಳ್ಳೆಯ ಕುಲುಮೆ ಇದೆ, ಉಷ್ಣತೆ ತೋರಿಸುವ ಯಂತ್ರ ಇದೆ. ಕಾಳು ಎಷ್ಟು ಮಸಿ ಹಿಡಿದಿದೆ ಎಂದು ತೂಗಿ ಹೇಳುತ್ತಾಳೆ. ಹಬ್ಬಕ್ಕೆ ಬಂದಾಗಲೆಲ್ಲ ಹೊಸ ಪ್ರಶ್ನೆ ತರುತ್ತಿದ್ದಳು.

"ಕಾಕಾ, ಅಪ್ಪ ಭಟ್ಟ್ಯಾಗ ಕಾಳು ಎಷ್ಟ್ ದಿನ ಇಟ್ಟಿದ್ರು?"

"ನಾಕು ದಿನ."

"ದಿಂಡು ತೊಳೀತಿದ್ರೇನು? ಯಾವ ನೀರಾಗ?"

"ಇಲ್ಲವ್ವ, ಹಂಗ ತುಂಬತಿದ್ದಾ."

ಅವಳು ಬರೆದುಕೊಂಡು ಹೋಗುತ್ತಿದ್ದಳು. ಭಟ್ಟಿಯ ಇಟ್ಟಿಗೆಯ ಮಣ್ಣು ಒಯ್ದಳು. ಆ ಡ್ರಮ್ಮಿನ ತುಕ್ಕನ್ನೂ ಕೆರೆದು ಒಯ್ದಳು. ತಂದೆಯ ಕೈಯಲ್ಲಿ ಇದ್ದ ಏನೋ ಒಂದು ತನಗೆ ಸಿಗುತ್ತಿಲ್ಲ ಎಂದು ಅವಳಿಗೆ ಅನಿಸಿತ್ತು. ಅವಳ ಎಣ್ಣೆ ತಂದೆಯ ಎಣ್ಣೆಗಿಂತ ತಿಳಿ, ಹುಳಿ ಅದಕ್ಕಿಂತ ಕಡಿಮೆ. ಆದರೂ ಎಂಜಿನ್ ನಾಲ್ಕು ನಿಮಿಷಕ್ಕಿಂತ ಹೆಚ್ಚು ನಡೆಯುತ್ತಿರಲಿಲ್ಲ. ಎರಡು ವರ್ಷ ಮಾಡಿದಳು. ಪ್ರತಿ ಸಲ ನಾಲ್ಕು ನಿಮಿಷ, ಕೆಮ್ಮು, ಬಿಳಿ ಹೊಗೆ, ನಾಜಲ್ಲಿಗೆ ಜಿಗುಟು.

ಹೋದ ತಿಂಗಳು ಹಾವೇರಿಯಲ್ಲಿ ನನ್ನ ಪ್ರಯೋಗಾಲಯಕ್ಕೇ ಬಂದಳು. ಹುಡುಗರು ಊಟಕ್ಕೆ ಹೋಗಿದ್ದರು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಮಾರ್ಗದರ್ಶಕರು ಹೇಳಿದ್ದರಂತೆ: ನಿನ್ನ ತಂದೆಯ ಹತ್ತೊಂಬತ್ತು ನಿಮಿಷವನ್ನು ಈ ವರ್ಷದ ಒಳಗೆ ಮತ್ತೊಮ್ಮೆ ಮಾಡಿ ತೋರಿಸು, ಇಲ್ಲವೇ ವಿಷಯ ಬದಲಿಸು.

"ನಾ ಬಿಡ್ತೀನಿ ಕಾಕಾ," ಎಂದಳು. "ಅಪ್ಪ ತುಕ್ಕ ಹಿಡದ ಡ್ರಮ್ಮಿನಾಗ ಮಾಡಿದ್ದು ನನಗ ಮಾಡಾಕ ಬರವಲ್ದು. ನನ್ನ ಕೈಯಾಗ ಏನೋ ತಪ್ಪೈತಿ." ಚೀಲದಿಂದ ನೋಟ್‌ಬುಕ್ಕಿನ ಆ ಪುಟದ ಝೆರಾಕ್ಸ್ ತೆಗೆದು ಮೇಜಿನ ಮೇಲಿಟ್ಟಳು. ಕೆಳಗೆ ನನ್ನ ಸಹಿ. "ಇದು ಒಂದ್ ಇರದಿದ್ರ ಎಂದೋ ಬಿಡ್ತಿದ್ದೆ."

ನಾನು ಎದ್ದು ಕಪಾಟಿನಿಂದ ಆ ಫಿಲ್ಟರಿನ ಬಟ್ಟಲು ತೆಗೆದೆ. ಅವಳ ಮುಂದೆ ಇಟ್ಟು, ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಬಾಟಲಿ, ತಿಳಿಹಳದಿ ಬಣ್ಣ, ಮುನ್ನೂರ ಹತ್ತು ಮಿಲಿ. ಯಾವುದನ್ನೂ ಬಿಡಲಿಲ್ಲ.

ಅವಳು ಬಟ್ಟಲನ್ನು ಕೈಗೆತ್ತಿಕೊಂಡಳು. "ಅಪ್ಪಗ ಗೊತ್ತಿತ್ತೇನು?"

"ಇಲ್ಲ."

"ಅವರಿಗೆ ಹೇಳಿಲ್ಲ, ಬಿಡ್ರಿ. ನನಗ ಯಾಕ ಹೇಳಿಲ್ಲ? ಎರಡು ವರ್ಷ ಕಾಕಾ. ಭಟ್ಟಿ ಮಣ್ಣು ಕೇಳಾಕ ಬಂದಾಗ ನೀವ ನನ್ನ ಗಾಡಿ ಮ್ಯಾಲೆ ಕುಂದ್ರಿಸ್ಕೊಂಡು ಹೋಗಿದ್ರಿ. ಆವಾಗರ ಹೇಳಬಾರದಿತ್ತೇನು?"

ಹೋಗಿದ್ದೆ. ಅವಳು ಮಣ್ಣು ಕಟ್ಟಿಕೊಳ್ಳಲು ಚೀಲ ಹಿಡಿದು ನಿಂತವನೂ ನಾನೇ.

ಆಮೇಲೆ ಅವಳು ಝೆರಾಕ್ಸಿನ ಹಿಂಬದಿಯಲ್ಲಿ ಏನೋ ಲೆಕ್ಕ ಹಾಕಿದಳು. ನನ್ನ ಲೆಕ್ಕವನ್ನೇ, ಮೊದಲಿನಿಂದ. ಮುಗಿಸಿ ಪೆನ್ನು ಕೆಳಗಿಟ್ಟಳು.

"ಹಂಗಾರ ನನ್ನ ನಾಕು ನಿಮಿಷ ಖರೇ ನಾಕ ನಿಮಿಷನ," ಎಂದಳು. "ನಾ ಪೈಪು, ಬಟ್ಲ ಎಲ್ಲಾ ಒಣಗಿಸಿ ಮಾಡೀನಿ. ಒಂದ್ ಹ್ಯಾಂಡಲ್ ಹೊಡಿಯೋ ಕಡೆ ಐವತ್ತು ಹೊಡದೀನಿ." ಅಷ್ಟು ಹೇಳಿ ಮೇಜಿಗೆ ತಲೆಯಿಟ್ಟು ಅತ್ತಳು. ಅದು ಯಾರಿಗಾಗಿ ಅತ್ತದ್ದೋ ನನಗೆ ಹೇಳಲು ಬರುವುದಿಲ್ಲ. ಬೆನ್ನ ಮೇಲೆ ಕೈ ಇಡಬೇಕೆನಿಸಿತು, ಇಡಲಿಲ್ಲ. ಹುಡುಗರು ಊಟ ಮುಗಿಸಿ ಬರುವ ಸದ್ದು ಕೇಳಿ ಅವಳು ಮುಖ ಒರೆಸಿಕೊಂಡು ಎದ್ದಳು.

ಬಾಗಿಲಲ್ಲಿ ನಿಂತು ಹೇಳಿದಳು: "ಈಗ ಬಾಯಿಲೆ ಹೇಳಿದ್ದನ್ನ ಬರದು ಕೊಡ್ರಿ. ಎಲ್ಲಿ ನಿಂತಿದ್ರಿ, ಎಷ್ಟ್ ಗಂಟಿ ಆಗಿತ್ತು, ಮತ್ತ ಯಾರ್ಯಾರು ನೋಡ್ಯಾರ. ಮೊದಲಿಂದಕ್ಕ ಸಹಿ ಹಾಕೀರಿ, ಇದಕ್ಕೂ ಹಾಕ್ರಿ." ವಿಷಯ ಬಿಡುತ್ತಾಳೋ ಇಲ್ಲವೋ ಹೇಳಲಿಲ್ಲ. ಕೇಳುವ ಹಕ್ಕು ನನಗಿರಲಿಲ್ಲ. ಇದನ್ನು ಬರೆಯುತ್ತಿರುವ ಇವತ್ತಿನವರೆಗೆ ಅವಳು ಫೋನ್ ಮಾಡಿಲ್ಲ.

ಬರೆಯುವ ಮೊದಲು ಉಳಿದವರನ್ನು ಕೇಳಿದೆ. ಬ್ಯಾಡಗಿಯಲ್ಲಿ ಮಿಸ್ತ್ರಿಗೆ ಲೆಕ್ಕ ವಿವರಿಸಿದಾಗ ಅವನ ಕೈಯಲ್ಲಿದ್ದ ನಟ್ಟು ತಿರುಗಿಸುವ ಪಾನಾ ಹಾಗೆಯೇ ನಿಂತಿತು. "ನಾ ಬಾಯಿ ತೋಯ್ಸಿದ್ದು ಖರೇ ಸರ್. ಅಣ್ಣಾರು ಬ್ಯಾಡ ಅಂದಿದ್ರ ಹಾಕ್ತಿರ್ಲಿಲ್ಲ. ಅಲ್ಲಾನ ಆಣಿ, ಅದೂ ಡೀಸೆಲ್ ಅಂತ ನನ್ನ ತಲ್ಯಾಗ ಬರ್ಲೇ ಇಲ್ಲ," ಎಂದ. ನನ್ನೆದುರಿಗೆ ಅಂಗಡಿಯ ಕದ ಅರ್ಧ ಎಳೆದು ಒಳಗೆ ಹೋಗಿ ಕುಳಿತ. ವೈನಿಗೆ ಡೀಸೆಲ್ಲಿನ ಸಂಗತಿ ಇನ್ನೂ ಗೊತ್ತಿಲ್ಲ, ನಾನು ಹೇಳಿಲ್ಲ; ಅಂದು ಆಕೆ ಗಮನಿಸಿಯೂ ಇಲ್ಲ. ಆಕೆಗೆ ನೆನಪಿರುವುದು ಇಷ್ಟು: ತಾನು ಚಹಾ ತಂದಿಟ್ಟ ಮೇಲೆ ಹೊಗೆಯ ವಾಸನೆ ಬದಲಾಯಿತು, ಕೆಂಡದ ಮೇಲೆ ಗೋವಿನಜೋಳದ ತೆನೆ ಸುಟ್ಟ ಹಾಗೆ ಬಂತು, ಎಂಜಿನ್ ನಿಂತಾಗ ಚಹಾ ಇನ್ನೂ ಆರಿರಲಿಲ್ಲ. ಹಾಗಾದರೆ ಅಣ್ಣನ ಎಣ್ಣೆ ಕೆಲವು ಕ್ಷಣ, ಹೆಚ್ಚೆಂದರೆ ಒಂದೆರಡು ನಿಮಿಷ ಉರಿದಿರಬಹುದು. ನಾನು ಆ ವಾಸನೆ ಗಮನಿಸಲಿಲ್ಲ, ಗಡಿಯಾರವನ್ನೂ ಆಗ ನೋಡಿರಲಿಲ್ಲ. ಆದ್ದರಿಂದ ಅದನ್ನು ನಾನು ಕಂಡದ್ದರಲ್ಲಿ ಸೇರಿಸುವುದಿಲ್ಲ. ಆಕೆಯ ಮಾತೆಂದು ಬರೆದಿದ್ದೇನೆ.

ಆ ಮಂಗಳವಾರ ಬಾವಿಯ ಹತ್ತಿರ ನಾಲ್ಕು ಜನ ಇದ್ದೆವು. ಒಬ್ಬ ಹೋದ. ಉಳಿದವರು ಮೂವರು. ಬ್ಯಾಡಗಿ ಪೇಟೆಯ ಹಿಂದಿನ ಅಂಗಡಿಯಲ್ಲಿ ಮಿಸ್ತ್ರಿ. ನೆನಪು ಸರಿ ಇದೆ, ಮಂಗಳವಾರ ಬಿಡುವು. ಅಗಡಿಯ ಮನೆಯಲ್ಲಿ ವೈನಿ. ಗಂಡನ ಎಂಜಿನ್ ನಡೆದದ್ದನ್ನು ಯಾರು ಕೇಳಿದರೂ ಹೇಳುತ್ತಾಳೆ, ಅವಳನ್ನು ಕೇಳುವವರು ಮೆಲ್ಲಗೆ ಕೇಳಬೇಕು. ಮೂರನೆಯವನು ಹಾವೇರಿಯಲ್ಲಿರುವ ನಾನು.